ಅಕ್ಕನ ಬಳೆ

ಫುರಾಹಾ ಹೊಳೆಯಲ್ಲಿ ಗಂಡನ ಸಮವಸ್ತ್ರ ಒಗೆಯುತ್ತಿದ್ದಳು. ಆಫ್ರಿಕಾದ ಆ ಹೊಳೆಯ ಎರಡು ದಡಗಳಲ್ಲಿ ಎರಡು ಬಂಡುಕೋರ ಪಡೆಗಳಿದ್ದವು. ಹೆಂಗಸರು ಬಟ್ಟೆ ಒಗೆಯುವ ಹೊತ್ತು ಮಾತ್ರ ಗುಂಡು ಹಾರುತ್ತಿರಲಿಲ್ಲ. ಈ ದಡದ ನಾಯಕ ಅವಳ ಗಂಡ, ಆ ದಡದವನು ಅಕ್ಕನ ಗಂಡ.

ಎದುರು ದಡದಿಂದ ಅಕ್ಕ ಕೈಯೆತ್ತಿ ಬಳೆ ಆಡಿಸಿದಳು. "ನೋಡೇ, ನಮ್ಮ ಗಣಿ ಚಿನ್ನ! ಯುದ್ಧ ಇನ್ನೊಂದು ವರ್ಷ ನಡೆದ್ರೆ ಕೊರಳಿಗೂ ಬರುತ್ತೆ."

ಫುರಾಹಾ ಆ ಬಳೆಯನ್ನೇ ದುರುಗುಟ್ಟಿ ನೋಡಿ, ಅರ್ಧ ಒಗೆದ ಸಮವಸ್ತ್ರ ಹಿಂಡಿಕೊಂಡು ಎದ್ದಳು. ಮನೆಗೆ ಬಂದವಳೇ ಗಂಡನನ್ನು ಕೇಳಿದಳು.

"ಯುದ್ಧ ನಿಂತ್ರೆ ನಮ್ಮ ಗಣಿ ಯಾರಿಗೆ?"

"ಸರ್ಕಾರಕ್ಕೆ. ಅದಕ್ಕೇ ತಾನೇ ನಾನು ಸಂಧಿಯ ಒಪ್ಪಿಗೆ ಪತ್ರ ಕಳಿಸದೆ ಇಟ್ಕೊಂಡಿರೋದು?"

"ಅಕ್ಕನ ಗಣಿನೂ ಹೋಗುತ್ತಾ?"

"ಹೋಗುತ್ತೆ. ಎರಡೂ ಕಡೆಯವರು ಒಪ್ಪಿದ್ರೆ ಮಾತ್ರ ಸಂಧಿ. ನಾನು ಕಳಿಸಲ್ಲ ಅನ್ನೋ ಧೈರ್ಯದಲ್ಲಿ ಷಡ್ಡಕ ಆಗ್ಲೇ ರುಜು ಹಾಕಿದಾನೆ."

"ನಮ್ಮದು ಹೋದ್ರೂ ಹೋಗ್ಲಿ, ಕಳಿಸಿ!"

ಮಕ್ಕಳನ್ನು ಕಳೆದುಕೊಂಡ ತಾಯಂದಿರು ಕಾಲು ಹಿಡಿದರೂ ಹೊರಡದಿದ್ದ ಪತ್ರ ಅಂದು ಸಂಜೆಯೇ ಹೊರಟಿತು.