ಹೊಸಬಳ ಮಣಿಕಟ್ಟು

“ಮಣಿಕಟ್ಟಿನ ಮೇಲೆ ನೀಲಿ ಕಲೆ. ನೋಡಿದ್ರಾ?”

ಹೊಸಬಳು ಗ್ರಂಥಾಲಯದ ಮೆಟ್ಟಿಲಿಳಿಯುವುದನ್ನೇ ಕಾದಿದ್ದು ಟೈಲರ್ ಅಕ್ಕ ಕೇಳಿದಳು. ಅಳತೆ ತೆಗೆಯುವವಳ ಕಣ್ಣು ಅದು. ತೋಳು, ಕತ್ತು, ಭುಜಗಳಲ್ಲಿ ಏನನ್ನೂ ಬಿಡದು.

ಗಣಿತದ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂಲೆಯ ಕುರ್ಚಿಯಲ್ಲಿದ್ದ ಟೈಪಿಸ್ಟ್ ಪುಸ್ತಕದ ಪುಟ ತಿರುವಿದಳು.

ಚಳಿಗಾಲದ ಶನಿವಾರಗಳಂದು ಮಧ್ಯಾಹ್ನ ಮೂರಕ್ಕೆ ಅವರು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಓದುವುದು ಒಂದೇ ಬಗೆಯ ಪುಸ್ತಕ: ಹಿಮ ಬಿದ್ದು ದಾರಿ ಮುಚ್ಚಿದ ದೊಡ್ಡ ಮನೆ, ಹಬ್ಬಕ್ಕೆ ಕೂಡಿದ ನೆಂಟರು, ಒಂದು ಕೊಲೆ, ಬೆಂಕಿ ಕಾಯಿಸಿಕೊಳ್ಳುತ್ತಲೇ ಎಲ್ಲವನ್ನೂ ಬಿಡಿಸಿಹೇಳುವ ಯಾರೋ ಒಬ್ಬರು. ವಾರವಿಡೀ ಓದಿ ಬಂದು ಇಲ್ಲಿ ಅನಿಸಿದ್ದನ್ನು ಹೇಳಬೇಕು. ಟೈಲರ್ ಅಕ್ಕನಿಗೆ ಅವು ಇಷ್ಟವಾಗಲು ಕಾರಣ ಸರಳವಾಗಿತ್ತು. “ಎಷ್ಟು ಹೆಣ ಬಿದ್ರೂ ಇವರಲ್ಲಿ ಒಬ್ಬರೂ ಊಟ ಬಿಡಲ್ಲ.” ಮೇಡಂಗೆ ಹೆಜ್ಜೆ ಹೆಜ್ಜೆಗೂ ಪುರಾವೆ ಬೇಕು, ಕಡೆಯ ಅಧ್ಯಾಯದಲ್ಲಿ ಹೊಸ ಸಾಕ್ಷಿ ತಂದ ಲೇಖಕರಿಗೆ ಅವರು ನೂರಕ್ಕೆ ಸೊನ್ನೆ ಕೊಡುತ್ತಿದ್ದರು. ಟೈಪಿಸ್ಟ್ ಒಮ್ಮೆ ಮಾತ್ರ ಬಾಯಿಬಿಟ್ಟಿದ್ದಳು. ಈ ಪುಸ್ತಕಗಳಲ್ಲಿ ಕರೆಯದಿದ್ದರೂ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ, ಅದು ತನಗೆ ಇಷ್ಟ ಎಂದಿದ್ದಳು.

ಹೊಸಬಳು ಬಂದು ತಿಂಗಳಾಗಿತ್ತಷ್ಟೆ. ಕೊಲೆಯೇ ಇಲ್ಲದ ಹಬ್ಬದ ಕಾದಂಬರಿಗಳನ್ನು ಹುಡುಕಿ ಒಯ್ಯುತ್ತಿದ್ದಳು. ಹೀಟರಿನ ಪಕ್ಕದಲ್ಲಿ ಕೂತರೂ ಉದ್ದ ತೋಳು. ನಾಲ್ಕೂವರೆ ಆಯಿತೆಂದರೆ ಮಾತನ್ನು ಅರ್ಧಕ್ಕೆ ಬಿಟ್ಟು ಓಟ.

ಮುಂದಿನ ಶನಿವಾರ ಅವಳು ಹೋದ ಮೇಲೆ ಟೈಪಿಸ್ಟ್ ಮಾತಾಡಿದಳು. ನಗುವ ಮೊದಲು ಆಕೆ ಎಲ್ಲರ ಮುಖ ನೋಡುತ್ತಾಳೆ ಎಂದಳು. ಫೋನು ಒಂದೇ ಸಲ ರಿಂಗಾಗಿ ನಿಂತರೆ ಪುಸ್ತಕ ಮುಚ್ಚಿಬಿಡುತ್ತಾಳೆ ಎಂದಳು. ಹೇಳಿದ ಮೇಲೆ ಉಳಿದಿಬ್ಬರಿಗೂ ತಾವೂ ನೋಡಿದ್ದೆವಲ್ಲ ಎನಿಸಿತು. ಟೈಪಿಸ್ಟಳ ದನಿಯಲ್ಲಿ ಏರಿಳಿತವಿರಲಿಲ್ಲ. ಕಚೇರಿಯಲ್ಲಿ ಬೇರೆ ಯಾರದೋ ಪತ್ರವನ್ನು ಓದಿ ಒಪ್ಪಿಸುತ್ತಿರುವಂತಿತ್ತು. ಹೆಂಡತಿಗೆ ಹೊಡೆಯುವ ಗಂಡಸು ಹೊರಗಿನವರಿಗೆ ಬಹಳ ಒಳ್ಳೆಯವನು, ಮನೆಗೆ ಬಂದವರಿಗೆ ತಾನೇ ಚಹಾ ಮಾಡಿಕೊಡುತ್ತಾನೆ ಎಂದಳು. ಮುಖಕ್ಕೆ ಎಂದೂ ಹೊಡೆಯುವುದಿಲ್ಲ. ಹೊಡೆದ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ, ಬೆಳಗ್ಗೆ ಪೇಪರಿನ ಸುದ್ದಿ ಓದಿ ಹೇಳುತ್ತಾನೆ.

“ಕಚೇರೀಲಿ ಕೊಳೀತಾ ಇದೀಯ ಕಣೆ ನೀನು,” ಎಂದಳು ಟೈಲರ್ ಅಕ್ಕ. “ಪೊಲೀಸ್ ಸೇರಬೇಕಿತ್ತು.”

ಮೇಡಂ ಒಪ್ಪಲಿಲ್ಲ. ಇದೆಲ್ಲ ಊಹೆ ಎಂದರು. ಗಂಡಹೆಂಡಿರ ನಡುವೆ ಹೋದವರು ಅಡಕತ್ತರಿಗೆ ಸಿಕ್ಕ ಅಡಿಕೆ ಎಂದರು.

“ಹೋಗಿ ಕೇಳಿದ್ರೆ ತಾನೇ ಮೇಡಂ ಗೊತ್ತಾಗೋದು?” ಎಂದಳು ಟೈಲರ್ ಅಕ್ಕ.

“ಅವಳು ಏನೂ ಇಲ್ಲ ಅಂದ್ರೆ?”

“ಮೊದಲ ಸಲ ಇಲ್ಲ ಅಂತಾನೇ ಅನ್ನೋದು. ಇನ್ನೊಂದು ಸಲ ಕೇಳಬೇಕು,” ಎಂದಳು ಟೈಪಿಸ್ಟ್.

ಅದರ ಮುಂದಿನ ಶನಿವಾರ ಹೊಸಬಳು ಓಡಿದ ಮೇಲೆ, ಅವಳ ಮನೆಗೆ ಹೋಗೋಣವೆಂದು ಮೇಡಂ ತಾವಾಗಿಯೇ ಎದ್ದು ಕೋಟು ಹಾಕಿಕೊಂಡರು. ದಾರಿಯುದ್ದಕ್ಕೂ ಟೈಲರ್ ಅಕ್ಕ ಒಂದು ನೆಪ ಹುಡುಕುತ್ತಿದ್ದಳು. ನೀನು ಪುಸ್ತಕ ಬಿಟ್ಟುಹೋಗಿದ್ದೆ ಅನ್ನೋಣವೇ, ರವಿಕೆ ಅಳತೆ ಅನ್ನೋಣವೇ. ಟೈಪಿಸ್ಟಳ ಬೆರಳುಗಳು ಚಳಿಗೆ ಜೋಮು ಹಿಡಿದಿದ್ದವು. ಇವರು ನಿಜವಾಗಿ ಬಾಗಿಲು ತಟ್ಟುತ್ತಾರೋ, ಬೀದಿಯ ತುದಿಯಿಂದಲೇ ಹಿಂತಿರುಗುತ್ತಾರೋ? ಅವಳಿಗೆ ತಿಳಿಯಬೇಕಿದ್ದದ್ದು ಅದೊಂದೇ.

ಮೇಡಂ ತಟ್ಟಿದರು. ಗಟ್ಟಿಯಾಗಿ, ಮೂರು ಸಲ.

ಬಾಗಿಲು ತೆರೆದ ಹೊಸಬಳ ತಲೆತುಂಬ ಮರದ ಪುಡಿ. ಒಳಗೆ ಏಣಿಯ ಮೇಲೆ ಗಂಡ, ಬಾಯಲ್ಲಿ ಮೊಳೆಗಳು. ಗೋಡೆಯುದ್ದಕ್ಕೂ ಅರ್ಧ ಮುಗಿದ ಪುಸ್ತಕದ ಕಪಾಟು. ಬೆಳಕು ಹೋಗುವ ಮುನ್ನ ದಿನಕ್ಕೊಂದು ಹಲಗೆ ಎಂದು ಇಬ್ಬರೂ ಪಂಥ ಕಟ್ಟಿದ್ದರಂತೆ. ಅವಳ ಸುತ್ತಿಗೆ ಮೊಳೆಗಿಂತ ಕೈಗೆ ಬಿದ್ದದ್ದೇ ಹೆಚ್ಚಂತೆ.

ಆದರೂ ಮೇಡಂ ಅವಳನ್ನು ಅಡುಗೆಮನೆಗೆ ಕರೆದೊಯ್ದು ಕೇಳಿದರು. ಎರಡು ಸಲ ಕೇಳಿದರು. ಮೊದಲ ಸಲ ಹೊಸಬಳು ನಕ್ಕಳು. ಎರಡನೆಯ ಸಲ ಅವಳ ಮುಖ ಬಿಗಿದುಕೊಂಡಿತು. ಅಡುಗೆಮನೆಗೆ ಬಾಗಿಲಿರಲಿಲ್ಲ. ಗಂಡ ಏಣಿಯಿಂದಿಳಿದು, ಮೊಳೆಗಳನ್ನು ಅಂಗೈಗೆ ತೆಗೆದುಕೊಂಡು, “ನಾನಾ?” ಎಂದ. ಆಮೇಲೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಹಿಂತಿರುಗುವಾಗ ಮೇಡಂ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡರು.

“ಪುರಾವೆ ಇಲ್ಲದೆ ಉತ್ತರ ಬರೀಬೇಡಿ ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳ್ದೆ,” ಎಂದರು. “ಇನ್ಮೇಲೆ ಪುಸ್ತಕ ಬಿಟ್ಟು ಬೇರೆ ಮಾತು ಬೇಡ. ಯಾರ ಮನೆ ವಿಷಯಾನೂ ಬೇಡ. ಪ್ರಾಣ ಹೋದ್ರೂ ಇನ್ನೊಂದು ಬಾಗಿಲು ತಟ್ಟಲ್ಲ ನಾನು.”

ಟೈಲರ್ ಅಕ್ಕ ತಲೆಯಾಡಿಸಿದಳು. ಟೈಪಿಸ್ಟ್ “ಆಗಲಿ” ಎಂದಳು.

“ಅಲ್ಲ ಕಣೆ, ಅಷ್ಟೆಲ್ಲ ಎಲ್ಲಿಂದ ಹುಟ್ಟಿಸಿದೆ?” ಟೈಲರ್ ಅಕ್ಕನಿಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಗಿತ್ತು.

“ಓದಿ ಓದಿ, ಅಕ್ಕ.”

ತಿರುವಿನಲ್ಲಿ ಮೇಡಂ, ಟೈಲರ್ ಅಕ್ಕ ಇಬ್ಬರೂ ಬೇರೆಯಾದರು. ಟೈಪಿಸ್ಟ್ ಒಬ್ಬಳೇ ತನ್ನ ಬೀದಿಗೆ ಹೊರಳಿದಳು. ನಡಿಗೆ ನಿಧಾನವೂ ಆಗಲಿಲ್ಲ, ಜೋರೂ ಆಗಲಿಲ್ಲ. ಅಳು ಬರಬಹುದೆಂದು ಕಾದಳು, ಬರಲಿಲ್ಲ.

ಇಷ್ಟು ದಿನ ಅವಳು ಹೇಳಿದ್ದರಲ್ಲಿ ಹೊಸಬಳಿಗೆ ಸೇರಿದ್ದು ಒಂದೂ ಇರಲಿಲ್ಲ. ಅದೆಲ್ಲ ಈಗ ಬಾಗಿಲು ತೆರೆದು, ಟೈಪಿಸ್ಟ್ ಒಳಗೆ ಬರಲೆಂದು ಪಕ್ಕಕ್ಕೆ ಸರಿದು ನಿಂತ ಅವಳ ಸ್ವಂತ ಗಂಡನದು.