ನಾಲ್ಕು ದಿನದಲ್ಲಿ ಕ್ರೊಯೇಷಿಯನ್

ನಾರ್ವೆಯವನು ನಾರ್ವೆಯವನಲ್ಲ. ಎರಡನೆಯ ದಿನ ಬೆಳಿಗ್ಗೆಯೇ ಯೆಲ್ಕಾಗೆ ಅದು ಖಾತ್ರಿಯಾಯಿತು.

ಖಾತ್ರಿ ಮಾಡಿಸಿದವಳು ಪಕ್ಕದ ಮನೆಯ ನೀಕೆ ಚಿಕ್ಕಮ್ಮ. ಮೀನುಪೇಟೆಯಿಂದ ನೇರವಾಗಿ ಪಾಠದ ಕೋಣೆಗೆ ಬಂದವಳು ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಲೇ ಯೆಲ್ಕಾ, ನಿನ್ನ ಆ ಓಲಾಫು ಮೀನು ಕೊಳ್ಳೋದು ನೋಡಿದೆ ಕಣೇ. ಕಿವಿರು ಎತ್ತಿ ನೋಡಿದ. ಕಣ್ಣು ಒತ್ತಿ ನೋಡಿದ. ಆಮೇಲೆ ಮೂಗು ಮುರಿದು ಮುಂದಿನ ಅಂಗಡಿಗೆ ಹೋದ."

"ನಾರ್ವೆಯಲ್ಲೂ ಮೀನಿದೆಯಲ್ಲ, ಚಿಕ್ಕಮ್ಮ."

"ಮೀನಿರಬಹುದು. ಆ ಮೂಗು ಮುರಿಯೋದು ಮಾತ್ರ ನಮ್ಮೋರದೇ."

ಯೆಲ್ಕಾ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. ದುಬ್ರೋವ್ನಿಕ್ ಕೋಟೆ ನೋಡಲು ಬಂದವರಿಗೆ ನಾಲ್ಕು ದಿನದಲ್ಲಿ ನಾಲ್ಕು ಮಾತು ಕಲಿಸುವ ಈ ಕೋಣೆಯನ್ನು ಅವಳೂ ಗಂಡ ಫ್ರಾನೋವೂ ಸೇರಿ ಕಟ್ಟಿದ್ದರು. ಫ್ರಾನೋ ದೇವರ ಪಾದ ಸೇರಿ ಎರಡು ವರ್ಷ. ಅವನಿಂದ ಉಳಿದದ್ದು ಈ ಕೋಣೆಯೊಂದೇ. ಪರವಾನಗಿ ಈ ವಾರ ಮುಗಿಯುತ್ತಿತ್ತು. ಅದು ಮುಂದುವರಿಯದಿದ್ದರೆ ಕೋಣೆ ಐಸ್ ಕ್ರೀಮಿನವನ ಪಾಲು. ಆತ ಆಗಲೇ ಎರಡು ಸಲ ಬಂದು ಗೋಡೆ ಅಳೆದುಕೊಂಡು ಹೋಗಿದ್ದ. ಪರೀಕ್ಷೆ ಮಾಡಲು ಸರ್ಕಾರದ ಮನುಷ್ಯನೊಬ್ಬ ವಿದೇಶಿಯ ವೇಷದಲ್ಲಿ ತರಗತಿಗೇ ಬಂದು ಕೂರುತ್ತಾನೆಂಬ ಗಾಳಿಸುದ್ದಿಯೂ ಇತ್ತು.

ವಿದ್ಯಾರ್ಥಿಗಳು ಐವರು. ನಾರ್ವೆಯ ಓಲಾಫ್, ಪೋರ್ಚುಗಲ್ಲಿನ ದಪ್ಪ ಹೆಂಗಸು, ಐರ್ಲೆಂಡಿನ ಕೆಂಪುಗಡ್ಡದವನು, ಹಾಲೆಂಡಿನ ಮುದುಕ, ಫಿನ್ಲೆಂಡಿನ ಕನ್ನಡಕದ ಹುಡುಗಿ.

ಯೆಲ್ಕಾ ಇಗರ್ಜಿಗೆ ಹೋಗಿ, ಊರಿನ ಪುಟ್ಟ ಮಾದರಿಯನ್ನು ಅಂಗೈಯಲ್ಲಿ ಹಿಡಿದು ನಿಂತ ಊರುಕಾಯುವ ಸಂತನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿದಳು. "ತಂದೆ ವ್ಲಾಹೋ, ಇಡೀ ಊರನ್ನೇ ಅಂಗೈಯಲ್ಲಿ ಹಿಡಿದು ನಿಂತಿದ್ದೀಯ. ಈ ಒಂದು ಕೋಣೆ ಬೆರಳ ಸಂದಿಯಿಂದ ಜಾರಿಹೋಗದಂತೆ ನೋಡಿಕೋ."

ಅಂದಿನಿಂದ ಅವಳ ಕಣ್ಣೆಲ್ಲ ಓಲಾಫನ ಮೇಲೆ.

"ದೊಬಾರ್ ದಾನ್," ಎಂದಳು ಯೆಲ್ಕಾ. ನಮಸ್ಕಾರ ಹೇಳುವ ಮಾತು.

"ದೂಬಾ ದೋನ್," ಎಂದ ಓಲಾಫ್.

ಅಷ್ಟು ಚೆನ್ನಾಗಿ ಕೆಡಿಸಬೇಕಾದರೆ ಸರಿಯಾದದ್ದು ಮೊದಲೇ ಗೊತ್ತಿರಬೇಕು ಎಂದುಕೊಂಡಳು. ಉಳಿದ ನಾಲ್ವರೂ ಕೆಡಿಸಿದರು. ಪಾಪ, ಅವರದು ಕಲಿಯುವವರ ತಪ್ಪು.

ಮೂರನೆಯ ದಿನ ಎಲ್ಲರನ್ನೂ ಕಾಫಿಗೆ ಕರೆದೊಯ್ದಳು. ವಿದೇಶಿಯರು ಕಾಫಿಯನ್ನು ಔಷಧಿಯ ಹಾಗೆ ಗುಟುಕರಿಸಿ ಎದ್ದುಬಿಡುತ್ತಾರೆ. ಓಲಾಫ್ ಬೆರಳುದ್ದದ ಬಟ್ಟಲನ್ನು ಎರಡು ಗಂಟೆ ಹೀರಿದ. ಯೆಲ್ಕಾ ಮನಸ್ಸಿನಲ್ಲೇ ಅವನ ಹೆಸರಿನ ಮುಂದೆ ಇನ್ನೊಂದು ಗೆರೆ ಎಳೆದುಕೊಂಡಳು. ಉಳಿದವರೂ ಎರಡು ಗಂಟೆ ಮಿಸುಕಲಿಲ್ಲ. ಊಟಕ್ಕೆ ಕೂತಾಗ ಪೋರ್ಚುಗಲ್ಲಿನ ಹೆಂಗಸು ಕೆಂಪು ವೈನಿಗೆ ಧಾರಾಳವಾಗಿ ನೀರು ಬೆರೆಸಿದಳು. ನಮ್ಮ ರೀತಿನೀತಿಯನ್ನು ಎಷ್ಟು ಬೇಗ ಹಿಡಿದುಬಿಟ್ಟರು ಎಂದು ಯೆಲ್ಕಾಗೆ ಹೆಮ್ಮೆಯಾಯಿತು.

ನಾಲ್ಕನೆಯ ದಿನ ಕಡಲಿನಿಂದ ತೆಂಕಣ ಗಾಳಿ ಬೀಸುತ್ತಿತ್ತು. ಯೆಲ್ಕಾ ಒಂದು ಉಪಾಯ ಹೂಡಿದಳು.

ಆ ಊರಿನವರು ಭೂಕಂಪಕ್ಕೆ ಹೆದರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬಾಗಿಲಿನಿಂದ ಕಿಟಕಿಗೆ ಹಾಯುವ ಗಾಳಿಗೆ ಹೆದರುತ್ತಾರೆ. ಹಲ್ಲುನೋವು, ಬೆನ್ನುನೋವು, ಅರ್ಧದಷ್ಟು ಸಾವುಗಳು, ಎಲ್ಲಕ್ಕೂ ಅದೇ ಕಾರಣ. ಹೊರಗಿನವರಿಗೆ ಅದು ಬರೀ ತಂಗಾಳಿ. ಯೆಲ್ಕಾ ಕಿಟಕಿ ತೆರೆದಿಟ್ಟಳು. ಹೇಳಿಕೊಟ್ಟಂತೆ ನೀಕೆ ಚಿಕ್ಕಮ್ಮ ಬಾಗಿಲನ್ನು ದಢಾರನೆ ತೆರೆದಳು.

ಓಲಾಫ್ ಕುತ್ತಿಗೆಗೆ ಕೈ ಹಚ್ಚಿ ಎದ್ದು ನಿಂತ. "ಬಾಗ್ಲು ಹಾಕ್ರಮ್ಮಾ! ಸಾಯಿಸ್ತೀರಾ ನಮ್ಮನ್ನ?" ಅಪ್ಪಟ ಕ್ರೊಯೇಷಿಯನ್. ಒಂದು ಉಚ್ಚಾರವೂ ತಪ್ಪಲಿಲ್ಲ.

"ಬಾಗ್ಲು ಹಾಕ್ರಮ್ಮಾ!" ಎಂದರು ಉಳಿದ ನಾಲ್ವರೂ. ಒಬ್ಬರು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಹೇಳುವುದು ತರಗತಿಯ ರೂಢಿ. ಕೆಂಪುಗಡ್ಡದವನು ಹಾರಿಹೋಗಿ ಬಾಗಿಲು ಮುಚ್ಚಿದ. ಮುದುಕ ಕಿಟಕಿ ಎಳೆದುಕೊಂಡ.

ಓಲಾಫ್ ಕೆಂಪಗಾಗಿ ಕೂತು ಪುಸ್ತಕ ತೆರೆದು ಉದ್ದಕ್ಕೆ ಏನೋ ಬರೆದುಕೊಂಡ. ಉಳಿದವರೂ ಬರೆದುಕೊಂಡರು. ಒಳ್ಳೆಯ ವಿದ್ಯಾರ್ಥಿಗಳು.

"ಸಿಕ್ಕಿಬಿದ್ದ ನೋಡಿ, ಚಿಕ್ಕಮ್ಮ," ಎಂದು ಯೆಲ್ಕಾ ಪಿಸುಗುಟ್ಟಿದಳು.

"ಸಿಕ್ಕಿಬಿದ್ದೋನು ಸುಮ್ನಿರ್ತಾನಾ? ಮುಖ ನೋಡು, ಬೆಂದ ಏಡಿ ಆಗಿದಾನೆ. ಇನ್ನು ನಿನ್ನ ಕೋಣೇಲಿ ಐಸ್ ಕ್ರೀಮೇ ಕಣಮ್ಮ."

ಯೆಲ್ಕಾಳ ಗೆಲುವು ಅಲ್ಲೇ ಇಳಿದುಹೋಯಿತು. ತಾನೇ ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು. ವೇಷ ಕಳಚಿಸಿಕೊಂಡ ಅಧಿಕಾರಿ ಅವಳ ಬಗ್ಗೆ ಒಳ್ಳೆಯ ಮಾತು ಬರೆದಾನೆಯೇ?

ಸೋಮವಾರ ಪುರಸಭೆಗೆ ಹೋಗುವ ಮೆಟ್ಟಿಲಲ್ಲಿ ಐಸ್ ಕ್ರೀಮಿನವನು ಎದುರಾದ. "ಗೋಡೆಗೆ ಗುಲಾಬಿ ಬಣ್ಣ ಹೊಡೆಸ್ಲಾ ಅಕ್ಕಾ, ಪಿಸ್ತಾ ಬಣ್ಣಾನಾ?" ಯೆಲ್ಕಾ ನಿಲ್ಲದೆ ಮೆಟ್ಟಿಲು ಹತ್ತಿದಳು. ಬಾಯಲ್ಲಿ ಜಪ ನಡೆದಿತ್ತು.

ಪುರಸಭೆಯ ಜೂರೋ ಸಾಹೇಬರು ಕನ್ನಡಕ ಏರಿಸಿಕೊಂಡರು. "ಕೂತ್ಕೊಳಿ ಯೆಲ್ಕಾ. ಪರವಾನಗಿ ಐದು ವರ್ಷಕ್ಕೆ ಮುಂದುವರಿದಿದೆ. ಇಂಥ ವರದಿ ನಾನು ಕಂಡೇ ಇಲ್ಲ. ಕೇಳಿ: 'ನನ್ನನ್ನು ಬಿಟ್ಟರೆ ತರಗತಿಯಲ್ಲಿದ್ದ ನಾಲ್ವರೂ ವಿದೇಶಿಯರು. ನಾಲ್ಕೇ ದಿನದಲ್ಲಿ ಅವರು ಇಲ್ಲೇ ಹುಟ್ಟಿ ಬೆಳೆದವರಂತೆ ಮಾತನಾಡಿದರು. ಈಕೆಯಂಥ ಶಿಕ್ಷಕಿ ದೇಶದಲ್ಲೇ ಇಲ್ಲ.'"

ಯೆಲ್ಕಾ ಶಿಲುಬೆಯ ಗುರುತು ಮಾಡಿಕೊಂಡು ಕಣ್ಣೊರೆಸಿಕೊಂಡಳು. "ದೇವರು ದೊಡ್ಡವನು. ಆ ಓಲಾಫ್‌ಗೂ ಒಳ್ಳೇದಾಗ್ಲಿ."

"ಓಲಾಫಾ? ಇದನ್ನ ಬರೆದದ್ದು ಪೋರ್ಚುಗಲ್ಲಿನವಳ ವೇಷದಲ್ಲಿ ಬಂದಿದ್ದ ನಮ್ಮ ರಾಜಧಾನಿ ಝಾಗ್ರೆಬಿನ ಹೆಂಗಸು," ಎಂದ ಸಾಹೇಬರು ಇನ್ನೂ ನಾಲ್ಕು ಇಲಾಖೆಗಳ ನಾಲ್ಕು ಲಕೋಟೆಗಳನ್ನು ಅವಳ ಮುಂದೆ ಸಾಲಾಗಿ ಇಟ್ಟರು, ನಾಲ್ಕರಲ್ಲೂ ಇದ್ದದ್ದು ಅದೇ ಮಾತು: 'ನನ್ನನ್ನು ಬಿಟ್ಟರೆ ನಾಲ್ವರೂ ವಿದೇಶಿಯರು.'