ಪುಟದ ಅಡಿಯ ಹೆಸರು

"ಕಾಂಟ್ರ್ಯಾಕ್ಟ್ ಆಳುಗಳನ್ನ ಬಿಟ್ಟುಬಿಡಮ್ಮಾ, ಹದಿನೇಳು ಇದ್ದದ್ದು ನಾಲ್ಕಕ್ಕಿಳಿಯುತ್ತೆ," ಎನ್ನುತ್ತ ಮ್ಯಾನೇಜರ್ ಗುರುಚರಣರು ಹರಿಪ್ರಿಯಾಳ ಕಂಪ್ಯೂಟರಿನತ್ತ ಬಗ್ಗಿದರು. ಚೆನ್ನೈನ ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ ಆ ತಿಂಗಳು ಗಾಯಗೊಂಡವರ ರಿಪೋರ್ಟು ಪರದೆಯ ಮೇಲಿತ್ತು. ಡೇಟಾಬೇಸಿನಿಂದ ಹದಿನೇಳೂ ಹೆಸರನ್ನು ಹೆಕ್ಕಿ ತಂದವಳು ಅವಳೇ. ಏಳನೆಯ ಸಾಲಿನಲ್ಲಿ ಅಂಜಲೈ, ಕಾಂಟ್ರ್ಯಾಕ್ಟ್ ಆಳು: ಬಲಗೈಯ ಮೂರು ಬೆರಳು ಹೋಗಿವೆ.

"ಮುಡಿಯಾದು ಸರ್." ಸಿಟ್ಟು ಬಂದರೆ ಅವಳ ಬಾಯಿಗೆ ಮೊದಲು ಬರುತ್ತಿದ್ದುದು ತಮಿಳೇ. "ಆಗಲ್ಲ."

"ಒಂದು ಫಿಲ್ಟರ್ ಹಾಕೋಕೆ ಇಷ್ಟು ಜಂಬವಾ? ಏಳು, ನಾನೇ ಹಾಕ್ತೀನಿ."

ಅವಳು ತಟ್ಟನೆ ಎದ್ದು ಕುರ್ಚಿಯನ್ನು ಅವರತ್ತ ತಳ್ಳಿದಳು. "ಧಾರಾಳವಾಗಿ ಹಾಕಿ ಸರ್, ನಿಮ್ಮ ಪಾಸ್‌ವರ್ಡಿನಲ್ಲಿ. ಕೊನೆಗೆ ತಿದ್ದಿದವರ ಹೆಸರು ಪ್ರತಿ ಪುಟದ ಅಡಿಯಲ್ಲೂ ತಾನಾಗೇ ಅಚ್ಚಾಗುತ್ತೆ. ಈಗ ಅಲ್ಲಿರೋದು ನಂದು."

ಗುರುಚರಣರು ಕೂತು ಮೌಸ್ ಹಿಡಿದರು. ಪುಟದ ಅಡಿಯವರೆಗೂ ಇಳಿದು, ಅಲ್ಲಿದ್ದ ಅವಳ ಹೆಸರಿನ ಸಣ್ಣ ಅಕ್ಷರಗಳನ್ನು ದಿಟ್ಟಿಸಿದರು. ಮೌಸಿನ ಮೇಲಿದ್ದ ಐದೂ ಬೆರಳುಗಳು ಒಂದೊಂದಾಗಿ ಮಡಿಚಿಕೊಂಡು ಹಿಂದೆ ಸರಿದವು.

ಹರಿಪ್ರಿಯಾ ನಿಂತಲ್ಲಿಂದಲೇ ಕೈ ಚಾಚಿ ಪ್ರಿಂಟ್ ಒತ್ತಿದಳು. ಪ್ರಿಂಟರು ಕರಕರ ಎನ್ನುತ್ತ ಹದಿನೇಳು ಹೆಸರುಗಳನ್ನೂ ಹೊರಹಾಕಿತು, ಅವುಗಳ ಕೆಳಗೆ ಹದಿನೆಂಟನೆಯದಾಗಿ ಅವಳದನ್ನು.